ಬ್ಯಾಸಗಿಗೆ ಬಗ್ಗದ ರ‍್ಯಾಮ್

ಗೇಮಿಂಗ್ ಕಂಪ್ಯೂಟರಿಗೆ ಮೆಮೊರಿ ಆರಿಸುವುದು ಹೇಗೆ, ಓವರ್‌ಕ್ಲಾಕ್ ಎಷ್ಟರ ಮಟ್ಟಿಗೆ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಓದುಗರಿಗೆ

"ಅಣ್ಣಾ, 3200 ಹಾಕ್ಸಲ್ಯೋ, 3600 ಹಾಕ್ಸಲ್ಯೋ?" ಕುಲಗೋಡದಂಥ ಊರಿನ ಹುಡುಗ ಹೊಸ ಕಂಪ್ಯೂಟರ್ ಕಟ್ಟಿಸಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಹೇಳುವುದು ಸುಲಭ. ಆದರೆ ಆ ಪ್ರಶ್ನೆಗಿಂತ ಮೊದಲು ಕೇಳಬೇಕಾದವು ಮೂರಿವೆ. ಎಷ್ಟು ಜಿಬಿ? ಒಂದೇ ಸ್ಟಿಕ್ಕೋ, ಎರಡೋ? ಡಬ್ಬಿಯ ಮೇಲೆ ಬರೆದ ವೇಗ ಮೇ ತಿಂಗಳ ಮಧ್ಯಾಹ್ನ ಪತ್ರಾಸಿನ ಕೋಣೆಯಲ್ಲಿಯೂ ನಿಲ್ಲುತ್ತದೆಯೋ? ಮೂರನೆಯದನ್ನು ಇಂಟರ್ನೆಟ್ಟಿನ ವಿಡಿಯೋಗಳು ಹೇಳುವುದಿಲ್ಲ. ಅವುಗಳನ್ನು ಮಾಡುವವರು ಬಹುಪಾಲು ಎಸಿ ಕೋಣೆಯಲ್ಲಿ ಕೂತಿರುತ್ತಾರೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗಿನ ಬಿಸಿಲೇ ನಲವತ್ತರ ಹತ್ತಿರ ಸುಳಿದಾಡುತ್ತದೆ. ಕ್ಯಾಬಿನೆಟ್ಟಿನ ಒಳಗೆ ಅದಕ್ಕೆ ಇನ್ನೂ ಹತ್ತು ಹದಿನೈದು ಡಿಗ್ರಿ ಸೇರಿಸಿಕೊಳ್ಳಿ.

ಈ ಮಾತು ಈಗಲೇ ಆಡಲು ಇನ್ನೊಂದು ಕಾರಣವಿದೆ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ವಿಪರೀತ ಏರಿತು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ಪುಗಳನ್ನು ತಯಾರಿಸುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಹೆಚ್ಚು ಹಣ ಕೊಟ್ಟು ಕೊಳ್ಳತೊಡಗಿದ ಮೇಲೆ ಅವುಗಳ ಗಮನ ಆ ಕಡೆ ತಿರುಗಿತು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ತಪ್ಪು ರ‍್ಯಾಮ್ ಕೊಂಡರೆ ಪೆಟ್ಟು ಜೋರಾಗಿಯೇ ಬೀಳುತ್ತದೆ. ಕಬ್ಬಿನ ಬಿಲ್ಲು ಬಂದಾಗ ಅಪ್ಪ ಎಣಿಸಿ ಕೊಟ್ಟ ದುಡ್ಡದು. ದೊಡ್ಡ ಅಂಕಿಯ ಹಿಂದೆ ಅದನ್ನು ಓಡಿಸಬಾರದು.

ಮೊದಲು ಜಿಬಿ, ಆಮೇಲೆ ವೇಗ

8 ಜಿಬಿಯಲ್ಲಿ ಇವತ್ತಿನ ಆಟಗಳು ಉಸಿರಾಡುವುದಿಲ್ಲ. ವ್ಯಾಲೊರಂಟ್‌ನಂಥ ಹಗುರ ಆಟ ಓಡೀತು. ಆದರೆ ಸೈಬರ್‌ಪಂಕ್ 2077ರ ತಯಾರಕರೇ ಕನಿಷ್ಠ 12 ಜಿಬಿ ಬೇಕು, 16 ಇದ್ದರೆ ಒಳಿತು ಎನ್ನುತ್ತಾರೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಎಸ್‌ಎಸ್‌ಡಿಗೆ ಬರೆಯುತ್ತದೆ, ಬೇಕಾದಾಗ ಅಲ್ಲಿಂದ ಮತ್ತೆ ಎತ್ತಿಕೊಳ್ಳುತ್ತದೆ. ಆಟ ನಡುನಡುವೆ ತಡವರಿಸಿ ನಿಲ್ಲುವುದು ಆ ಗಳಿಗೆಯಲ್ಲಿ. ಅಂಥ ಯಂತ್ರಕ್ಕೆ 3200ರ ಬದಲು 3600 ಹಾಕಿಸಿ ಏನೂ ಆಗುವುದಿಲ್ಲ. ಇನ್ನೊಂದು 8 ಜಿಬಿ ಹಾಕಿಸಿದರೆ ಎಲ್ಲವೂ ಆಗುತ್ತದೆ. ಬೆಲೆ ಇಳಿಯುವವರೆಗೂ 16 ಜಿಬಿ ಸಾಕು ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಹೊಸ ಯಂತ್ರ ಕಟ್ಟುವವರು, ಆಟದ ಜೊತೆ ವಿಡಿಯೋ ಎಡಿಟಿಂಗ್ ಮಾಡುವವರು 32ಕ್ಕೆ ಹೋಗಬಹುದು. ಬರೀ ಆಟಕ್ಕೆ 64 ಜಿಬಿ ಹಾಕಿಸುವುದು ದುಡ್ಡನ್ನು ಸ್ಲಾಟಿನಲ್ಲಿ ಹೂತಿಟ್ಟಂತೆ.

16 ಜಿಬಿ ಎಂದರೆ 16ರ ಒಂದು ಸ್ಟಿಕ್ ಅಲ್ಲ, ಹಿಂದಿನ ಪೀಳಿಗೆಯ ಡಿಡಿಆರ್4 ಆದರೆ 8ರ ಎರಡು. ಇದನ್ನು ಒತ್ತಿ ಹೇಳುತ್ತೇನೆ. ಪ್ರೊಸೆಸರಿನಿಂದ ಮೆಮೊರಿಗೆ ಎರಡು ಚಾನೆಲ್‌ಗಳಿರುತ್ತವೆ. ಒಂದೇ ಸ್ಟಿಕ್ ಇದ್ದರೆ ಒಂದು ಖಾಲಿ ಉಳಿಯುತ್ತದೆ. 3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಿದರೆ, ಎರಡು ಸೇರಿ 51.2. ಇಷ್ಟು ದೊಡ್ಡ ಜಿಗಿತ ಯಾವ ಓವರ್‌ಕ್ಲಾಕಿಂಗ್‌ನಿಂದಲೂ ಸಿಗುವುದಿಲ್ಲ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಮೊದಲ ಎರಡಕ್ಕೆ ಅಕ್ಕಪಕ್ಕ ತುರುಕಿದರೆ ಬಹಳಷ್ಟು ಬೋರ್ಡುಗಳಲ್ಲಿ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಅಂಗಡಿಯಿಂದ ಕಟ್ಟಿಸಿ ತಂದ ಯಂತ್ರವಾದರೂ ಒಮ್ಮೆ ಬಾಗಿಲು ತೆಗೆದು ನೋಡಿ. ಲ್ಯಾಪ್‌ಟಾಪ್ ಇರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದೇ ಮಾತು. ಒಂದೇ 8 ಜಿಬಿ ಸ್ಟಿಕ್ ಹಾಕಿ ಮಾರಿದ ಲ್ಯಾಪ್‌ಟಾಪಿನಲ್ಲಿ ಎರಡನೇ ಸ್ಲಾಟ್ ಖಾಲಿ ಇದ್ದರೆ ಅದನ್ನು ತುಂಬಿಸುವುದೇ ನಿಮ್ಮ ಓವರ್‌ಕ್ಲಾಕಿಂಗ್. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಕೊಳ್ಳುವ ಮುಂಚೆ ಕೇಳಿ ತಿಳಿಯಿರಿ.

ಎರಡು ಸ್ಟಿಕ್ಕಿನಿಂದ ಅತಿ ಹೆಚ್ಚು ಲಾಭ ಆಗುವುದು ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ. ರೈಜೆನ್ 5 5600ಜಿ, 8600ಜಿ ತರಹದ ಪ್ರೊಸೆಸರುಗಳಲ್ಲಿ ಚಿತ್ರ ಬಿಡಿಸುವ ಭಾಗವೂ ಇದೇ ರ‍್ಯಾಮನ್ನೇ ಬಳಸುತ್ತದೆ. ಹಾಗಾಗಿ ಅಲ್ಲಿ ಎರಡು ಸ್ಟಿಕ್ ಇರಲೇಬೇಕು. ವೇಗ ಹೆಚ್ಚಿದಷ್ಟೂ ಫ್ರೇಮ್ ಏರುವುದು ಕಣ್ಣಿಗೇ ಕಾಣುತ್ತದೆ. ರ‍್ಯಾಮಿಗೆ ಒಂದೆರಡು ಸಾವಿರ ಹೆಚ್ಚು ಹಾಕುವುದಿದ್ದರೆ ಇಂಥವರು ಹಾಕಲಿ.

ಉಳಿದವರು ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ನಿಮ್ಮ ಆಟವನ್ನು ತೆರೆದು ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ಏರಿದರೆ ತಡೆಯುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ರ‍್ಯಾಮ್ ಬದಲಿಸಿ ಪ್ರಯೋಜನವಿಲ್ಲ. ಇಳಿಸಿದರೂ ಫ್ರೇಮ್ ಅಲ್ಲೇ ನಿಂತಿದ್ದರೆ ಪ್ರೊಸೆಸರೋ ಮೆಮೊರಿಯೋ ಹಿಂದೆ ಬಿದ್ದಿದೆ, ಅಲ್ಲಿ ವೇಗದ ರ‍್ಯಾಮ್ ಕೈಹಿಡಿಯುತ್ತದೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಸಾಮಾನ್ಯವಾಗಿ ಎರಡನೇ ಜಾತಿಯವು. ರೈಜೆನ್ 7 5800ಎಕ್ಸ್3ಡಿ, 7800ಎಕ್ಸ್3ಡಿಗಳಂಥ ಪ್ರೊಸೆಸರ್ ಇದ್ದವರು ಈ ಚಿಂತೆಯನ್ನೇ ಅರ್ಧ ಬಿಡಬಹುದು. ಅವುಗಳೊಳಗೆ 96 ಮೆಗಾಬೈಟಿನ ದೊಡ್ಡ ಕ್ಯಾಶ್ ಇರುವುದರಿಂದ ರ‍್ಯಾಮಿನ ಕಡೆ ಓಡುವುದೇ ಕಡಿಮೆ.

ಅಂಕಿ ಓದುವ ಲೆಕ್ಕ

ಡಬ್ಬಿಯ ಮೇಲೆ ಎರಡು ಅಂಕಿ ಮುಖ್ಯ: ವೇಗ ಮತ್ತು ಸಿಎಲ್. ವೇಗ ಹೆಚ್ಚಿದ್ದರೆ ಒಳ್ಳೆಯದು, ಸಿಎಲ್ ಕಡಿಮೆ ಇದ್ದರೆ ಒಳ್ಳೆಯದು. ಎರಡನ್ನೂ ಕೂಡಿಸಿ ನೋಡಲು ಒಂದು ಸಣ್ಣ ಲೆಕ್ಕ: ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ. ಬಂದ ಉತ್ತರ ನ್ಯಾನೊಸೆಕೆಂಡಿನಲ್ಲಿ ಕಾಯುವ ಹೊತ್ತು. 3200 ಸಿಎಲ್ 16 ಇದ್ದರೆ 10. 3600 ಸಿಎಲ್ 18 ಇದ್ದರೂ ಅದೇ 10. ಅಂಗಡಿಯವನು "ಇದೂ 3200ನ್ರೀ" ಎಂದು ಕೊಡುವ ಸಾದಾ ಸ್ಟಿಕ್ ಸಿಎಲ್ 22 ಆಗಿದ್ದರೆ 13.75. ಹೊಸ ಪೀಳಿಗೆಯ ಡಿಡಿಆರ್5ರಲ್ಲಿ 6000 ಸಿಎಲ್ 30 ಇದ್ದರೆ 10, 5600 ಸಿಎಲ್ 46 ಇದ್ದರೆ 16.4. ವೇಗದ ಅಂಕಿಯಲ್ಲಿ ಸ್ವಲ್ಪವೇ ಹಿಂದಿರುವ ಈ ಸ್ಟಿಕ್ ಕಾಯಿಸುವುದು ಮಾತ್ರ ಬಹಳ ಹೊತ್ತು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅಂಗಡಿಯ ಕಟ್ಟೆಯ ಮೇಲೇ ಈ ಲೆಕ್ಕ ಹಾಕಿ.

ಮನೆಗೆ ಬಂದು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ 3200ರ ರ‍್ಯಾಮ್ 1600 ಎಂದು ತೋರಿಸುತ್ತದೆ. ಮೋಸ ಹೋದೆ ಎಂದು ಗಾಬರಿಯಾಗಬೇಡಿ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಮಿಡಿತಕ್ಕೆ ಎರಡು ಸಲ ದತ್ತಾಂಶ ಕಳಿಸುವುದರಿಂದ 1600 ಮೆಗಾಹರ್ಟ್ಸ್ ಎಂದರೆ 3200ವೇ. ಆದರೆ 1066 ಅಥವಾ 1200 ಎಂದು ಕಂಡರೆ ನಿಮ್ಮ ರ‍್ಯಾಮ್ 2133ರಲ್ಲೋ 2400ರಲ್ಲೋ ತೆವಳುತ್ತಿದೆ ಎಂದರ್ಥ. ಡಬ್ಬಿಯ ಮೇಲಿನ ವೇಗ ತಾನಾಗಿ ಬರುವುದಿಲ್ಲ. ಬಯೋಸ್ ಒಳಗೆ ಹೋಗಿ ಇಂಟೆಲ್ ಅಥವಾ ಡಿಡಿಆರ್4 ಆದರೆ ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5 ಆದರೆ ಎಕ್ಸ್‌ಪೋ ಎಂಬ ಪ್ರೊಫೈಲನ್ನು ಆನ್ ಮಾಡಬೇಕು. ವೇಗದ ರ‍್ಯಾಮಿಗೆ ದುಡ್ಡು ಕೊಟ್ಟು ವರ್ಷಗಟ್ಟಲೆ ನಿಧಾನದ ವೇಗದಲ್ಲೇ ಆಡುವವರು ಇದ್ದಾರೆ. ಅವರಿಗೆ ಈ ಲೇಖನದಲ್ಲಿ ಬೇರೇನೂ ಬೇಡ, ಇದೊಂದು ಸಾಲು ಸಾಕು.

ಬೋರ್ಡೂ ಒಪ್ಪಬೇಕು. ಇಂಟೆಲ್‌ನ ಎಚ್610 ಬೋರ್ಡುಗಳಲ್ಲಿ ಮೆಮೊರಿ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲ. ಅಲ್ಲಿಗೆ 3600ರ ಡಿಡಿಆರ್4 ಕೊಂಡರೂ 3200ಕ್ಕೇ ನಿಲ್ಲುತ್ತದೆ. ಬಿ660, ಬಿ760ರಲ್ಲಿ ಅವಕಾಶವಿದೆ. ಈ ಪೀಳಿಗೆಯ ಇಂಟೆಲ್ ಬೋರ್ಡುಗಳಲ್ಲಿ ಕೆಲವು ಡಿಡಿಆರ್4 ತೆಗೆದುಕೊಳ್ಳುತ್ತವೆ, ಕೆಲವು ಡಿಡಿಆರ್5. ಎರಡಕ್ಕೂ 288 ಪಿನ್ನುಗಳೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಒಂದರಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿದರೆ ಸ್ಲಾಟೇ ಹಾಳು. ಎಎಂಡಿಯ ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ.

ಎಎಂ4ನಲ್ಲಿ ರೈಜೆನ್ 5000 ಇದ್ದವರಿಗೆ 3600 ಸಿಎಲ್ 16 ಒಳ್ಳೆಯ ಜಾಗ, ಸಿಎಲ್ 18 ಆದರೂ ನಡೆಯುತ್ತದೆ. ಅದನ್ನು ದಾಟಿ 4000ಕ್ಕೆ ಹೋದರೆ ಪ್ರೊಸೆಸರಿನ ಒಳಗಿನ ಸಂಪರ್ಕದ ವೇಗಕ್ಕೂ ಮೆಮೊರಿಯ ವೇಗಕ್ಕೂ ತಾಳ ತಪ್ಪಿ, ಅಂಕಿ ಏರಿದರೂ ಆಟ ನಿಧಾನವಾಗುವುದುಂಟು. ಎಎಂ5ನಲ್ಲಿ ಆ ಜಾಗ 6000 ಸಿಎಲ್ 30. ಬೆಲೆ ಭಾರವೆನಿಸಿದರೆ ಸಿಎಲ್ 36. 7200, 8000 ಎಂಬ ಫಳಫಳ ಡಬ್ಬಿಗಳನ್ನು ಎಎಂಡಿ ಯಂತ್ರಕ್ಕೆ ಕೊಳ್ಳಬೇಡಿ, ಆ ವೇಗದಲ್ಲಿ ಮೆಮೊರಿ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿದುಬಿಡುತ್ತದೆ. ಡಿಡಿಆರ್5ರ 8 ಜಿಬಿ ಸ್ಟಿಕ್ಕುಗಳೂ ಬೇಡ. ಅವುಗಳಲ್ಲಿ ಎಂಟರ ಬದಲು ನಾಲ್ಕೇ ಚಿಪ್ಪುಗಳಿದ್ದು, 16 ಜಿಬಿ ಸ್ಟಿಕ್ಕಿಗಿಂತ ಆಟದಲ್ಲಿ ಹಿಂದೆ ಬೀಳುತ್ತವೆ. ಎಎಂ5ಗೆ ಈಗ ದುಡ್ಡು ಸಾಲದಿದ್ದರೆ, ಇದೊಂದು ಕಡೆ ಮಾತ್ರ ನನ್ನ ಮಾತನ್ನೇ ಸಡಿಲಿಸುತ್ತೇನೆ: 16ರ ಒಂದು ಸ್ಟಿಕ್ ಹಾಕಿ ನಡೆಸಿ, ಬೆಲೆ ಇಳಿದಾಗ 16ರ ಎರಡರ ಕಿಟ್ ತಂದು ಹಳೆಯದನ್ನು ಮಾರಿ.

ಕಿಟ್ ಎಂದೆ. ಹೊಸದಾಗಿ ಜೋಡಿ ಕೊಳ್ಳುವಾಗ ಎರಡೂ ಸ್ಟಿಕ್ ಒಂದೇ ಡಬ್ಬಿಯಲ್ಲಿ ಬರಬೇಕು. ಅದೇ ಕಂಪನಿ, ಅದೇ ಮಾಡೆಲ್ ಆದರೂ ಆರು ತಿಂಗಳ ನಂತರ ತಂದ ಸ್ಟಿಕ್ಕಿನೊಳಗೆ ಬೇರೆ ಚಿಪ್ ಇರಬಹುದು. ಡಿಡಿಆರ್5ರಲ್ಲಿ ನಾಲ್ಕು ಸ್ಲಾಟ್ ತುಂಬುವ ಆಸೆಯಂತೂ ಇಟ್ಟುಕೊಳ್ಳಬೇಡಿ. ರೈಜೆನ್ 7000 ಸರಣಿಗೆ ನಾಲ್ಕು ಸ್ಟಿಕ್ ಹಾಕಿದಾಗ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಬರೀ 3600.

ಬಿಸಿಲು ಮತ್ತು ಲೈಟು

ರ‍್ಯಾಮಿನೊಳಗಿನ ಪ್ರತಿ ಬಿಟ್ ಒಂದು ಸಣ್ಣ ಕೆಪಾಸಿಟರಿನಲ್ಲಿ ವಿದ್ಯುತ್ತಾಗಿ ಕೂತಿರುತ್ತದೆ, ಮತ್ತು ತೂತು ಬಿದ್ದ ಕೊಡದ ನೀರಿನಂತೆ ಸೋರುತ್ತಲೇ ಇರುತ್ತದೆ. ಖಾಲಿಯಾಗುವ ಮೊದಲೇ ಅದನ್ನು ಮತ್ತೆ ತುಂಬಿಸಬೇಕು. ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿಗೊಮ್ಮೆ, ಡಿಡಿಆರ್5ರಲ್ಲಿ 32 ಮಿಲಿಸೆಕೆಂಡಿಗೊಮ್ಮೆ ಎಲ್ಲ ಬಿಟ್‌ಗಳನ್ನೂ ತುಂಬಿಸುವ ಏರ್ಪಾಡಿದೆ. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಅದಕ್ಕೇ ಚಿಪ್ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಿಸಬೇಕೆಂಬ ನಿಯಮ ಮಾಡಿದ್ದಾರೆ. ಓವರ್‌ಕ್ಲಾಕ್ ಮಾಡುವವರು ಮಾಡುವುದು ಇದರ ಉಲ್ಟಾ. ಟಿಆರ್‌ಇಎಫ್‌ಐ ಎಂಬ ಅಂಕಿಯನ್ನು ಏರಿಸಿ, ಟಿಆರ್‌ಎಫ್‌ಸಿ ಎಂಬುದನ್ನು ಇಳಿಸಿ, ತುಂಬಿಸುವ ಕೆಲಸಕ್ಕೆ ಹೋಗುವ ಸಮಯವನ್ನು ಉಳಿಸುತ್ತಾರೆ. ವೇಗ ಸಿಗುವುದು ನಿಜ. ಆದರೆ ಹಾಗೆ ಬಿಗಿಮಾಡಿದ ಸ್ಟಿಕ್ 50 ಡಿಗ್ರಿಯ ಆಸುಪಾಸಿನಲ್ಲೇ ತಪ್ಪಬಹುದು. ಡಿಡಿಆರ್4 ಕಾಲದಲ್ಲಿ ಓವರ್‌ಕ್ಲಾಕರ್‌ಗಳು ಹುಡುಕಿ ಕೊಳ್ಳುತ್ತಿದ್ದ ಸ್ಯಾಮ್ಸಂಗ್ ಬಿ-ಡೈ ಚಿಪ್ಪುಗಳು ಬಿಸಿಗೆ ನಾಜೂಕೆಂದೇ ಹೆಸರಾದವು. ಚಳಿಗಾಲದಲ್ಲಿ, ಕಾರ್ಖಾನೆಗೆ ಕಬ್ಬು ಸಾಗುವ ದಿನಗಳಲ್ಲಿ, ಗಟ್ಟಿಯಾಗಿ ನಿಂತ ಸೆಟ್ಟಿಂಗ್ ಮೇ ತಿಂಗಳಲ್ಲಿ ಕೈಕೊಡುವುದು ಇದಕ್ಕೇ.

ಕೈಕೊಟ್ಟರೆ ಆಟ ನಿಂತುಹೋಗುವುದಷ್ಟೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ರಾತ್ರಿ ಆಟವಾಡುವ ಕಂಪ್ಯೂಟರೇ ಹಗಲು ಉತಾರ ತೆಗೆಯುವುದು, ಅರ್ಜಿ ತುಂಬುವುದು, ಅಂಗಡಿಯ ಲೆಕ್ಕ ಇಡುವುದು, ಮದುವೆಯ ಫೋಟೊ ಕೂಡಿಡುವುದು. ರ‍್ಯಾಮಿನ ತಪ್ಪು ಸದ್ದು ಮಾಡುವುದಿಲ್ಲ. ತಪ್ಪಿದ ಒಂದು ಬಿಟ್ ಫೈಲಿನೊಳಗೆ ಸೇರಿ, ಅದೇ ಫೈಲ್ ಡಿಸ್ಕಿಗೆ ಬರೆದುಕೊಂಡು, ತಿಂಗಳುಗಳ ಮೇಲೆ ತೆರೆದಾಗ ಫೋಟೊ ಅರ್ಧಕ್ಕೆ ಕಪ್ಪಾಗಿರುತ್ತದೆ. ಐದು ಫ್ರೇಮಿಗಾಗಿ ಇದನ್ನು ಒಪ್ಪಬಾರದು.

ಹಾಗಾಗಿ ನಾನು ಹೇಳುವ ಕ್ರಮ ಇದು. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ, ಹೆಚ್ಚಿನವರು ಅಲ್ಲಿಗೇ ನಿಲ್ಲಲಿ. ಇದೂ ಓವರ್‌ಕ್ಲಾಕಿಂಗೇ. ರೈಜೆನ್ 7000ಕ್ಕೆ ಎಎಂಡಿ ಹೇಳುವ ಅಧಿಕೃತ ವೇಗ 5200, ಅದರ ಮೇಲೆ ಹೋಗಿ ಪ್ರೊಸೆಸರ್ ಕೆಟ್ಟರೆ ವಾರಂಟಿ ಇಲ್ಲವೆಂದು ಕಂಪನಿಯೇ ಬರೆದಿದೆ. ಕೈಯಾಡಿಸಲೇಬೇಕು ಎನ್ನುವವರು ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಹಳೆಯದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ದಿನನಿತ್ಯದ ಬಳಕೆಗೆ ಡಿಡಿಆರ್4ಕ್ಕೆ 1.35 ವೋಲ್ಟ್, ಹೆಚ್ಚೆಂದರೆ 1.45. ಡಿಡಿಆರ್5ಕ್ಕೆ 1.35ರಿಂದ 1.4. ನಮ್ಮ ಬಿಸಿಲಿನಲ್ಲಿ ಇದಕ್ಕಿಂತ ಮೇಲೆ ಹೋಗುವುದು ಬೇಡ. ಎಎಂ5 ಬೋರ್ಡಿನ ಎಸ್‌ಒಸಿ ವೋಲ್ಟೇಜನ್ನಂತೂ 1.3 ದಾಟಿಸಬೇಡಿ. 2023ರಲ್ಲಿ ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡುಗಳು ಇದನ್ನು ತಾವಾಗಿ ಏರಿಸಿ ರೈಜೆನ್ 7000 ಪ್ರೊಸೆಸರುಗಳು ಸುಟ್ಟ ಮೇಲೆ, ಎಎಂಡಿ ಬಯೋಸಿನಲ್ಲೇ 1.3ರ ಮಿತಿ ಹಾಕಿಸಿತು. ಆ ಕಾಲದ ಹಳೆಯ ಬೋರ್ಡ್ ಕೊಂಡವರು ಮೊದಲು ಬಯೋಸ್ ಹೊಸದು ಮಾಡಲಿ.

ಪ್ರತಿ ಬದಲಾವಣೆಯ ನಂತರ ಪರೀಕ್ಷೆ. ಮೆಮ್‌ಟೆಸ್ಟ್86 ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ ನಾಲ್ಕು ಸುತ್ತು ಓಡಿಸಿ, ಆಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಅಥವಾ ಒಸಿಸಿಟಿ. ಒಂದೇ ಒಂದು ತಪ್ಪು ಕಂಡರೂ ಆ ಸೆಟ್ಟಿಂಗ್ ಬೇಡ. "ಒಂದ್ ತಾನೇ" ಎನ್ನಬಾರದು. ಪರೀಕ್ಷೆಯನ್ನು ತಂಪು ರಾತ್ರಿಯಲ್ಲಲ್ಲ, ಮಧ್ಯಾಹ್ನ ಎರಡಕ್ಕೆ ಮಾಡಿ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರವಾಗಿ ರ‍್ಯಾಮಿನ ಕಡೆ ಏರುವುದರಿಂದ, ವಿಂಡೋಸ್ ಒಳಗಿನ ಪರೀಕ್ಷೆಯ ಜೊತೆಗೆ ಆಟವೂ ಓಡುತ್ತಿದ್ದರೆ ನಿಜ ಸ್ಥಿತಿ ಗೊತ್ತಾಗುತ್ತದೆ. ಡಿಡಿಆರ್5 ಸ್ಟಿಕ್ಕಿನಲ್ಲಿ ಉಷ್ಣತೆ ಅಳೆಯುವ ಸೆನ್ಸರ್ ಇದೆ, ಎಚ್‌ಡಬ್ಲ್ಯುಇನ್‌ಫೊ ತಂತ್ರಾಂಶದಲ್ಲಿ ಕಾಣುತ್ತದೆ. ಐವತ್ತರ ಮೇಲೆ ಓಡಾಡುತ್ತಿದ್ದರೆ ಟಿಆರ್‌ಇಎಫ್‌ಐ ಮುಟ್ಟದಿರುವುದೇ ಒಳ್ಳೆಯದು. ಕ್ಯಾಬಿನೆಟ್ಟಿನ ಮುಂದೆ ಗಾಳಿ ಒಳಗೆಳೆಯುವ ಒಂದು ಫ್ಯಾನು, ಹಿಂದೆ ಹೊರಹಾಕುವ ಒಂದು: ಈ ದುಡ್ಡು ಆರ್‌ಜಿಬಿ ದೀಪದ ರ‍್ಯಾಮಿಗಿಂತ ಸಾರ್ಥಕ.

ಎಎಂ5 ಯಂತ್ರ ಕಟ್ಟಿದ ಮೊದಲ ದಿನ, ಅಥವಾ ಎಕ್ಸ್‌ಪೋ ಆನ್ ಮಾಡಿದ ಕೂಡಲೇ, ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳುವ ಹೊತ್ತದು. ಕೆಟ್ಟಿತೆಂದು ಸ್ವಿಚ್ ಆರಿಸಬೇಡಿ, ಹತ್ತು ನಿಮಿಷ ಬಿಡಿ. ಆಮೇಲೂ ಬರದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಾಕಾರದ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಎಲ್ಲ ಸೆಟ್ಟಿಂಗೂ ಮೊದಲಿನಂತಾಗುತ್ತದೆ. ಬೆಳಗಾವಿಯ ತನಕ ಯಂತ್ರ ಹೊತ್ತುಕೊಂಡು ಹೋಗಬೇಕಿಲ್ಲ.

ಬಯೋಸ್ ಹೊಸದು ಮಾಡುವಾಗ ಲೈಟ್ ಹೋಗುವುದೇ ನಿಜವಾದ ಅಪಾಯ, ಬೋರ್ಡೇ ಸತ್ತುಹೋಗಬಹುದು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಬಯೋಸ್ ಕೆಲಸಕ್ಕೆ ಅದು ಧಾರಾಳ, ಆದರೆ ದೊಡ್ಡ ಗ್ರಾಫಿಕ್ಸ್ ಕಾರ್ಡಿನಲ್ಲಿ ಆಟ ನಡೆಯುವಾಗ ಸಾಲುವುದಿಲ್ಲ. ಮನೆಯ ಇನ್ವರ್ಟರಿಗೇ ಕಂಪ್ಯೂಟರ್ ಜೋಡಿಸಿದವರು ಅದರ ಮೇಲೆ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಸಾದಾ ಮೋಡಿನಲ್ಲಿದ್ದರೆ ಲೈಟ್ ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ರ‍್ಯಾಮ್ ಓವರ್‌ಕ್ಲಾಕ್ ಕೈಕೊಟ್ಟಿತೆಂದು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ.

ಹಳೆಯ ರ‍್ಯಾಮ್ ಕೊಳ್ಳುವುದು

ಈಗಿನ ಬೆಲೆಯಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಬುದ್ಧಿವಂತರ ದಾರಿ. ರ‍್ಯಾಮಿನಲ್ಲಿ ಸವೆಯುವ ಭಾಗವಿಲ್ಲ. ಆದರೆ ಮಾರುವವರ ಎದುರಿಗೇ ಹಾಕಿಸಿ ನೋಡಬೇಕು. ಸಿಪಿಯು-ಝಡ್ ತೆರೆದು ಎಸ್‌ಪಿಡಿ ಎಂಬಲ್ಲಿ ಕಂಪನಿ, ಮಾಡೆಲ್, ವೇಗ ಸ್ಟಿಕ್ಕರಿನೊಂದಿಗೆ ಹೊಂದುತ್ತವೆಯೇ ಪರೀಕ್ಷಿಸಿ. ಸಾದಾ ಸ್ಟಿಕ್ಕಿಗೆ ಬಣ್ಣದ ಹೊದಿಕೆ ಅಂಟಿಸಿ ಗೇಮಿಂಗ್ ರ‍್ಯಾಮ್ ಎಂದು ಮಾರಿದರೆ ಅಲ್ಲೇ ಗೊತ್ತಾಗುತ್ತದೆ. ಮೆಮ್‌ಟೆಸ್ಟ್86 ಹಾಕಿದ ಪೆನ್‌ಡ್ರೈವ್ ಕಿಸೆಯಲ್ಲಿರಲಿ, ಒಂದು ಸುತ್ತಾದರೂ ಓಡಲಿ. ಚಿನ್ನದ ಬಣ್ಣದ ಕಾಲುಗಳು ಕಪ್ಪಾಗಿದ್ದರೆ ಶಾಲೆಯ ರಬ್ಬರಿನಿಂದ ಜೋರಾಗಿ ಉಜ್ಜುವ ರೂಢಿ ಕೆಲವು ಅಂಗಡಿಗಳಲ್ಲಿ ಇದೆ. ಅದು ಬೇಡ, ಮೇಲಿನ ಲೇಪ ಬಹಳ ತೆಳು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು. ಸ್ಟಿಕ್ ಹಿಡಿಯುವ ಮೊದಲು ಕ್ಯಾಬಿನೆಟ್ಟಿನ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಮೈಯ ಸ್ಥಾಯಿ ವಿದ್ಯುತ್ ಅಲ್ಲಿ ಇಳಿಯಲಿ.

ಹೊಸದು ಕೊಳ್ಳುವವರು ಗೋಕಾಕದಲ್ಲೋ ಬೆಳಗಾವಿಯಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಬೆಲೆ ಕೇಳಿ ಆನ್‌ಲೈನಿನದರ ಜೊತೆ ಹೋಲಿಸಿ, ಶೇಕಡಾ 18 ಜಿಎಸ್‌ಟಿ ಸೇರಿದ ಬೆಲೆಯನ್ನೇ ಕೇಳಿ. ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇನೆ ಎಂದರೆ ಒಪ್ಪಬೇಡಿ. ರ‍್ಯಾಮಿನ ವಾರಂಟಿ ಬಹಳ ವರ್ಷದ್ದು, ಬಹುತೇಕ ಕಂಪನಿಗಳು ಅದನ್ನು ಜೀವಮಾನದ್ದೆಂದೇ ಬರೆಯುತ್ತವೆ. ಬಿಲ್ಲು ಮತ್ತು ಸೀರಿಯಲ್ ನಂಬರಿನ ಸ್ಟಿಕ್ಕರ್ ಇಲ್ಲದೆ ಅದು ಸಿಗದು. ಹೊದಿಕೆ ಬಿಚ್ಚಿದರೆ ವಾರಂಟಿ ಹೋಗುವುದೂ ಉಂಟು. ತಂದ ದಿನವೇ ಮೆಮ್‌ಟೆಸ್ಟ್86 ಓಡಿಸಿ. ಆನ್‌ಲೈನಿನಲ್ಲಿ ವಾಪಸಿಗೆ ಕೊಡುವ ಅವಧಿ ಚಿಕ್ಕದು, ಅದರೊಳಗೆ ತಪ್ಪು ಕಂಡರೆ ಬದಲಾಯಿಸುವುದು ಸುಲಭ. ದಾಟಿದ ಮೇಲೆ ಸರ್ವಿಸ್ ಸೆಂಟರಿಗೆ ಕೊರಿಯರ್ ಮಾಡಿ ಕಾಯಬೇಕು, ಮತ್ತು ಕಿಟ್ಟಿನಲ್ಲಿ ಒಂದೇ ಸ್ಟಿಕ್ ಕೆಟ್ಟಿದ್ದರೂ ಎರಡನ್ನೂ ಕಳಿಸಬೇಕಾಗಬಹುದು.